ತಾರಸಿಯ ಮೇಲೆ ಮೂರು ದಿನದ ನೀರು

ಯಡಿಯೂರಿನ ಆ ಹಳೇ ಮನೆಯ ನಡುಮನೆಯಲ್ಲಿ ಅವತ್ತು ಬೆಳಗ್ಗೆ ನಾವು ಆರು ಜನ ಇದ್ದೆವು. ಆರೂ ಜನ ಕತ್ತು ಮೇಲೆತ್ತಿ ನಿಂತಿದ್ದೆವು. ಗೋಡೆಗೆ ಒರಗಿಕೊಂಡು ಮನೆಯ ಯಜಮಾನ ಕೆಂಪಣ್ಣನವರು. ಅವರ ಎದುರಿಗೆ, ಹೂವಿನ ಬುಟ್ಟಿಯ ಪಕ್ಕ, ಅವರ ಅಕ್ಕ ಪುಟ್ಟತಾಯಮ್ಮನವರು. ಬಾಗಿಲ ಹತ್ತಿರ ಕೊಡೆಯನ್ನು ಊರುಗೋಲಿನ ಹಾಗೆ ಹಿಡಿದು ನಮ್ಮ ಕಂಟ್ರಾಕ್ಟರು ವೆಂಕಟರಾಯರು. ಅವರ ಹಿಂದೆ ಗಾರೆ ಮೇಸ್ತ್ರಿ ಪಿಳ್ಳಪ್ಪ, ಮತ್ತು ತಾರಸಿ ಬಡಿಯುವ ಹೆಂಗಸರ ಮುಂದಾಳು ಅಂಜಲಮ್ಮ. ಕೊನೆಗೆ ನಾನು, ರಾಯರ ಕೈಕೆಳಗಿನ ಓವರ್ಸೀರು, ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿದ್ದವನು.

ನಮ್ಮ ತಲೆಯ ಮೇಲೆ, ತಾರಸಿಯಲ್ಲಿ, ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಳೆನೀರು ಹೊರಗೆ ಹೋಗುವ ಕೊಳವೆಗೆ ಒದ್ದೆ ಗೋಣಿಚೀಲ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ, ಹೆಂಗಸರು ಬೆಳಗಿನಿಂದ ಬಿಂದಿಗೆ ಬಿಂದಿಗೆ ಸುರಿದ ನೀರು. ಹೊಸ ತಾರಸಿಯನ್ನು ಪರೀಕ್ಷೆ ಮಾಡುವ ಕ್ರಮ ಅದು. ಮೂರು ದಿನ ನೀರು ನಿಲ್ಲಬೇಕು, ಕೆಳಗೆ ಒಂದು ಹನಿ ಬೀಳಬಾರದು.

"ಎಲ್ಲರ ಎದುರಿಗೇ ಹೇಳಿಬಿಡ್ತೀನಿ ರಾಯರೇ," ಎಂದರು ಕೆಂಪಣ್ಣ. "ಮೂರು ದಿನ ತಡೀತಾ, ಮನೆ ಇರಲಿ. ಒಂದೇ ಒಂದು ಹನಿ ಬಿತ್ತಾ, ಕೆಡವಿಸಿ ಆರ್‌ಸಿಸಿ ಹಾಕಿಸ್ತೀನಿ. ಆಮೇಲೆ ಯಾರೂ ನನಗೆ ಎದುರು ಮಾತಾಡಬಾರದು. ಅಕ್ಕ, ನಿಂಗೂ ಸೇರಿಸೇ ಹೇಳ್ತಿರೋದು."

"ಕಿವಿ ಇನ್ನೂ ಕೇಳುತ್ತೆ ಕೆಂಪ," ಎಂದರು ಪುಟ್ಟತಾಯಮ್ಮ.

ಎಲ್ಲರೂ ಮೇಲೆ ನೋಡುತ್ತಿದ್ದರು ಎಂದೆನಲ್ಲ, ಐದು ಜನ ಇಡೀ ಸೂರನ್ನು ನೋಡುತ್ತಿದ್ದರು. ನಾನು ಪಡುವಣ ಗೋಡೆಯ ಒಂದು ಮೂಲೆಯನ್ನು ಮಾತ್ರ ನೋಡುತ್ತಿದ್ದೆ. ಯಾಕೆಂದು ಹೇಳುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. "ಸಾರ್, ನಿಮ್ಮ ಸರ್ವೀಸ್ ಬಗ್ಗೆ ಬರೀರಿ" ಅನ್ನುತ್ತಾರೆ. ನನಗೆ ಸಿಕ್ಕ ಬಡ್ತಿಗಳನ್ನೆಲ್ಲ ಬರೆದರೆ ಅರ್ಧ ಹಾಳೆ ತುಂಬುವುದಿಲ್ಲ, ಓದುವವರಿಗೆ ಆಕಳಿಕೆ ಬೇರೆ. ಮಾಡಿದ ತಪ್ಪು ಬರೆದರೆ ಒಂದಿಬ್ಬರಿಗಾದರೂ ಉಪಯೋಗವಾದೀತು. ಹಾಗಾಗಿ ಇದು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಬಡಾವಣೆ ಒಂದೊಂದೇ ಬ್ಲಾಕು ಏಳುತ್ತಾ ಯಡಿಯೂರು ಕೆರೆಯ ಕಡೆಗೆ ಬರುತ್ತಿತ್ತು. ಅಲ್ಲೆಲ್ಲ ನಮಗೆ ಹೊಸ ಮನೆಗಳ ಕೆಲಸ. ಕಂಬಿ ಕಟ್ಟು, ಹಲಗೆ ಹೊಡಿ, ಕಾಂಕ್ರೀಟು ಸುರಿ, ಇಪ್ಪತ್ತೊಂದು ದಿನ ನೀರು ಹಾಕು, ಹಲಗೆ ಬಿಚ್ಚು. ನಾನು ಕಲಿತು ಬಂದದ್ದೂ ಅದನ್ನೇ. ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ ಅದು. ಒಂದು ಮೂಟೆ ಸಿಮೆಂಟು ಇರುವ ಮನೆ ಎಂದರೆ ಮಗ ಮೇಷ್ಟ್ರ ಕೆಲಸದಲ್ಲಿರುವ ಮನೆ ಇದ್ದ ಹಾಗೆ, ಜನ ಎರಡು ಸಲ ನೋಡುತ್ತಿದ್ದರು. ಸುಣ್ಣ, ಗಾರೆ ಇವೆಲ್ಲ ಅಜ್ಜಂದಿರ ಕಾಲದ ಗೋಳು ಎಂದು ನಾನು ತಿಳಿದಿದ್ದೆ.

ಒಂದು ದಿನ ರಾಯರು, "ನಾಳೆಯಿಂದ ಯಡಿಯೂರಲ್ಲಿ ಒಂದು ರಿಪೇರಿ. ಹಳೇ ಮನೆ, ನೀನೇ ನೋಡ್ಕೋ," ಎಂದರು. ನನಗೆ ಸಪ್ಪಗಾಯಿತು. ರಿಪೇರಿಗೆ ಕಳಿಸಿದರೆ ಮರ್ಯಾದೆ ಕಮ್ಮಿ ಅನ್ನುವ ಭಾವನೆ ನಮ್ಮಲ್ಲಿ ಆಗಲೂ ಇತ್ತು, ಈಗಲೂ ಇದೆ.

ಮನೆಯನ್ನು ಕಟ್ಟಿಸಿದವರು ಕೆಂಪಣ್ಣನವರ ತಂದೆ, ಪ್ಲೇಗು ಕಳೆದ ಮೇಲೆ, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ. ಆತ ಹೂವಿನ ತೋಟದವರು. ಬೆಳಗ್ಗೆ ಕೋಟೆ ಕಡೆಯ ದೊಡ್ಡ ಮನೆಗಳಿಗೆ ಹೂವು ಕೊಟ್ಟು ಬರುತ್ತಿದ್ದರಂತೆ. ಅಂಥ ಒಂದು ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕುಳಿತಾಗ ಬುಟ್ಟಿಯ ಹೂವು ಸಂಜೆವರೆಗೂ ಬಾಡದೆ ಇದ್ದದ್ದನ್ನು ಕಂಡು, ಸೂರು ನೋಡಿ, "ಇದೇನಿದು?" ಎಂದು ಕೇಳಿದರಂತೆ. ಮದರಾಸು ತಾರಸಿ ಎಂದರು. ಊರೆಲ್ಲ ಹುಲ್ಲು, ನಾಡಹೆಂಚು ಹೊದ್ದಿದ್ದ ಕಾಲದಲ್ಲಿ ಯಡಿಯೂರಿಗೆ ಮೊದಲ ತಾರಸಿ ಬಂದದ್ದು ಹಾಗೆ, ಹೂವಿನ ಸಲುವಾಗಿ.

ಮದರಾಸು ತಾರಸಿ ಎಂದರೆ ಇಷ್ಟೇ. ಗೋಡೆಯಿಂದ ಗೋಡೆಗೆ ತೇಗದ ತೊಲೆ. ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ, ಇಟ್ಟಿಗೆ ಪುಡಿ ಕಲಸಿದ ದಪ್ಪ ಹಾಸು. ಆ ಹಾಸನ್ನು ಹೆಂಗಸರು ಸಾಲಾಗಿ ಕುಳಿತು ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಬಡಿಯುತ್ತಾರೆ. ಗಟ್ಟಿಯಾಗುವವರೆಗೂ ಬಡಿಯುತ್ತಾರೆ. ಕೊನೆಗೆ ನುಣ್ಣನೆ ಗಾರೆ. ಇದರ ಕೆಳಗೆ ಕುಳಿತರೆ ಏಪ್ರಿಲ್ ತಿಂಗಳೂ ಗೊತ್ತಾಗುವುದಿಲ್ಲ.

ನಾನು ಹೋದಾಗ ಆ ನಡುಮನೆಯಲ್ಲಿ ಎಂಟು ಹೆಂಗಸರು ಗೋಡೆಯುದ್ದಕ್ಕೂ ಕುಳಿತು ಕನಕಾಂಬರ, ಕಾಕಡ ಕಟ್ಟುತ್ತಿದ್ದರು. ಪುಟ್ಟತಾಯಮ್ಮನವರ ಕಸುಬು ಅದು. ಚಿಕ್ಕವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವರು, ಯಾರ ಮುಂದೆಯೂ ಕೈ ಚಾಚದೆ ಹೂವು ಕಟ್ಟಿಸಿ ಪೇಟೆಗೆ ಕಳಿಸಿ ಬದುಕು ಮಾಡಿಕೊಂಡಿದ್ದರು. ಬೆಳಗ್ಗೆ ಕಿತ್ತ ಹೂವು ಮಧ್ಯಾಹ್ನ ಕಟ್ಟಿ ಸಂಜೆ ಮಾರ್ಕೆಟ್ಟಿಗೆ ಹೋಗುವ ತನಕ ನಗುತ್ತಿರಬೇಕಾದರೆ ಆ ತಂಪು ಬೇಕೇ ಬೇಕು.

ಇಂಥ ಮನೆಯನ್ನು ಕೆಂಪಣ್ಣ ಯಾಕೆ ಕೆಡವಬೇಕೆಂದಿದ್ದರು? ಅವರೇನು ಕೆಟ್ಟವರಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬೀಗರಾಗಬೇಕಾದವರನ್ನು ಪಡುವಣ ಮೂಲೆಯಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಕಲ್ಲು ದಿಂಡಿನ ಮೇಲೆ, ಅಂದರೆ ಮರ್ಯಾದೆಯ ಜಾಗದಲ್ಲಿ, ಕೂರಿಸಿದ್ದರು. ಉಪ್ಪಿಟ್ಟು ತಿನ್ನುತ್ತಿರುವಾಗ ಮಳೆ ಹಿಡಿಯಿತು. ಸೂರಿನಿಂದ ಒಂದು ಹನಿ ಸೀದಾ ಆತನ ಜರಿ ಪೇಟದ ಮೇಲೆ ಬಿತ್ತು. ಆಮೇಲೆ ಇನ್ನೊಂದು. ಆತ ಮಾತಾಡದೆ ಪಕ್ಕಕ್ಕೆ ಸರಿದರು. ಹನಿಯೂ ಸರಿದ ಹಾಗೆ ಅಲ್ಲಿಗೂ ಬಿತ್ತು. "ಸೋರೋ ಮನೆ ಹೆಣ್ಣು" ಎಂದು ಯಾರೋ ದಾರಿಯಲ್ಲಿ ಅಂದರಂತೆ, ಸಂಬಂಧ ಅಲ್ಲಿಗೆ ನಿಂತಿತು. ಕೆಂಪಣ್ಣನವರ ಮನಸ್ಸಿನಲ್ಲಿ ಆ ಹನಿ ಆರಲೇ ಇಲ್ಲ.

"ಜಯನಗರದಲ್ಲಿ ನೋಡ್ರಿ, ನಿನ್ನೆ ಮೊನ್ನೆ ಬಂದೋರೆಲ್ಲ ಮಹಡಿ ಕಟ್ಸವ್ರೆ," ಅನ್ನುತ್ತಿದ್ದರು ನನ್ನ ಹತ್ತಿರ. "ನಾವು ಊರ ಮೂಲದೋರು, ಬಟ್ಟಲು ಇಟ್ಕೊಂಡು ಮಳೆ ನೀರು ಹಿಡೀತಿದೀವಿ. ಅಕ್ಕಂಗೆ ಹಿತ್ತಲಲ್ಲಿ ಒಂದು ಶೀಟ್ ಮನೆ ಹಾಕ್ಸಿಕೊಡ್ತೀನಿ, ಹೂವು ಅಲ್ಲೇ ಕಟ್ಕೊಳ್ಲಿ."

ಪುಟ್ಟತಾಯಮ್ಮ ಅದಕ್ಕೆ ವಾದ ಮಾಡಿರಲಿಲ್ಲ. ನಾವು ಕೆಲಸಕ್ಕೆ ಬರುವ ಮುಂಚೆಯೇ ಒಂದು ದಿನ ಒಂದು ಮೊರ ಕನಕಾಂಬರವನ್ನು ಪಕ್ಕದ ಮನೆಯ ಶೀಟಿನ ಕೊಟ್ಟಿಗೆಯಲ್ಲಿ ಇಟ್ಟು, ಮೂರು ಗಂಟೆಗೆ ತಂದು ತಮ್ಮನ ಊಟದ ಎಲೆಯ ಪಕ್ಕ ಇಟ್ಟರು. ಹೂವು ಹುರಿದ ಹಪ್ಪಳದ ಹಾಗಾಗಿತ್ತು. ಕೆಂಪಣ್ಣ ನೋಡಿ, ಊಟ ಮುಗಿಸಿ, ಕೈ ತೊಳೆದು, ನಮ್ಮ ರಾಯರನ್ನು ಕರೆಸಿದರು. ರಿಪೇರಿ ಒಂದೇ ಒಂದು ಸಲ ಅನ್ನುವುದು ಆಗಲೇ ನಿಂತ ಮಾತು.

ಕೆಲಸ ಶುರುವಾದ ವಾರದಲ್ಲೇ ನನ್ನ ಮೊದಲ ಪೆಟ್ಟು. ಹಳೇ ಹಾಸನ್ನು ಅಗೆದು ತೆಗೆಯುತ್ತಿದ್ದರು. ಕೂಲಿಯವರು ಆ ಚೂರನ್ನೆಲ್ಲ ತಾರಸಿಯ ಮಧ್ಯೆ ಗುಡ್ಡೆ ಹಾಕುತ್ತಿದ್ದರೆ ನಾನು ಅಳತೆ ಬರೆಯುತ್ತಾ ಕೂತಿದ್ದೆ. ಪಿಳ್ಳಪ್ಪ ಏಣಿ ಹತ್ತಿ ಬಂದವನೇ ಕೂಗಿದ: "ಅಯ್ಯೋ ಓವರ್ಸೀರಪ್ಪಾ, ಇದೇನು ಕಣದಲ್ಲಿ ರಾಗಿ ರಾಶಿ ಮಾಡ್ದಂಗೆ ಮಾಡಿದ್ದೀರಿ! ತೊಲೆ ನಡೂ ಮಧ್ಯ ಇಷ್ಟು ಭಾರ ಹಾಕಿದ್ರೆ ಅದು ಬೆನ್ನು ಮುರ್ಕೊಳಲ್ವಾ?" ಕೆಳಗೆ ಹೋಗಿ ನೋಡಿದರೆ ಒಂದು ತೊಲೆ ನಿಜಕ್ಕೂ ಬೆರಳಷ್ಟು ಬಗ್ಗಿತ್ತು. ಸದ್ಯ, ಚೂರು ಇಳಿಸಿದ ಮೇಲೆ ಮೇಲೆದ್ದಿತು. ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಕೆಳಗಿಳಿಸಬೇಕು, ಇಳಿಸುವುದೂ ಗೋಡೆ ಪಕ್ಕದಿಂದ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಆ ಚೂರಿನಲ್ಲಿ ಹಸಿರು, ಕೆಂಪು ಗಾಜಿನ ಬಳೆ ತುಂಡುಗಳು ಸಿಕ್ಕುತ್ತಿದ್ದವು. ಅರ್ಧ ಶತಮಾನಕ್ಕೂ ಹಿಂದೆ ಬಡಿದ ಹೆಂಗಸರ ಬಳೆಗಳು. ಅಂಜಲಮ್ಮ ಒಂದೊಂದನ್ನೇ ಹೆಕ್ಕಿ ಪುಟ್ಟತಾಯಮ್ಮನವರಿಗೆ ಕೊಟ್ಟಳು. "ನಮ್ಮವ್ವನೂ ಬಡಿದಿದ್ಳು," ಎಂದು ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಪಿಳ್ಳಪ್ಪನಿಗೆ ಆಗ ಅರವತ್ತರ ಮೇಲೆ. ಇಟ್ಟಮಡುವಿನವನು. ಒಂದು ತಿಂಗಳ ಮುಂಚೆಯೇ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿಸಿದ್ದ. ಗಾರೆಯನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಸಿ, ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ, ಕೆಲವೊಮ್ಮೆ ನಾಲಿಗೆಗೂ ಹಚ್ಚಿ, "ಇನ್ನೂ ಎರಡು ಸುತ್ತು" ಅನ್ನುತ್ತಿದ್ದ. ನಾನು ಗಡಿಯಾರ ನೋಡುತ್ತಿದ್ದೆ.

ಅಂಜಲಮ್ಮನ ಗುಂಪು ಹನ್ನೆರಡು ಹೆಂಗಸರು. ಎರಡು ಸಾಲು ಎದುರುಬದುರು ಕುಳಿತು, ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಪೆಟ್ಟು ಸೇರಿಸಿ, ಒಂದು ಹಾಡು ಹಿಡಿದು ಬಡಿಯುತ್ತಾ ಇಂಚಿಂಚೇ ಸರಿಯುತ್ತಿದ್ದರು. ಹಾಸು ಹಸಿಯಾಗಿದ್ದಾಗ ಸದ್ದು ಪಚಪಚ. ನಾಲ್ಕೈದು ದಿನಕ್ಕೆ ದಪ್ ದಪ್. ಕೊನೆಯಲ್ಲಿ ಟಣ್ ಟಣ್ ಎಂದು ಕಂಚಿನ ಹಾಗೆ. ಆ ಟಣ್ ಬಂದ ಮೇಲೆ ಅಂಜಲಮ್ಮ ಬಡಿಗೆ ಕೆಳಗಿಡುತ್ತಿದ್ದಳು. ಅದುವರೆಗೆ ಯಾರು ಹೇಳಿದರೂ ನಿಲ್ಲಿಸುತ್ತಿರಲಿಲ್ಲ.

ಎಲ್ಲ ಸರಿಯಾಗೇ ನಡೆದಿತ್ತು. ಉಳಿದದ್ದು ಪಡುವಣ ಮೂಲೆ ಒಂದೇ, ನೀರು ಹೋಗುವ ಕೊಳವೆಯ ಹತ್ತಿರ, ನಾಲ್ಕಡಿಗೆ ಐದಡಿ. ಬೀಗರ ಪೇಟ ನೆನೆದ ಮೂಲೆ. ಅಷ್ಟರಲ್ಲಿ ಗುಂಡಿಯ ಸುಣ್ಣ ಮುಗಿಯಿತು. ಹೊಸದಾಗಿ ನೆನೆಹಾಕಿದರೆ ಇನ್ನೂ ಹದಿನೈದು ದಿನ. ಅದೇ ದಿನ ಪಿಳ್ಳಪ್ಪನ ಭಾವಮೈದ ತೀರಿಕೊಂಡು ಅವನು ಊರಿಗೆ ಹೋದ. ರಾಯರು ಬೇರೆ ಕೆಲಸದ ಮೇಲಿದ್ದರು. ಕೆಂಪಣ್ಣ ದಿನಕ್ಕೆರಡು ಸಲ ಏಣಿ ಹತ್ತಿ, "ಮಳೆ ಬರೋದ್ರೊಳಗೆ ಮುಗಿಯುತ್ತೋ ಇಲ್ವೋ?" ಎಂದು ಕೇಳುತ್ತಿದ್ದರು.

ಬಚ್ಚಲಮನೆ ನೆಲಕ್ಕೆಂದು ಕೆಂಪಣ್ಣ ಪರ್ಮಿಟ್ಟಿನಲ್ಲಿ ತಂದ ಎರಡು ಮೂಟೆ ಸಿಮೆಂಟು ಅಟ್ಟದ ಕೆಳಗೆ ಇತ್ತು. ನಾನು ಅರ್ಧ ಮೂಟೆ ತೆಗೆಸಿ, ಉಳಿದ ಸ್ವಲ್ಪ ಗಾರೆಗೆ ಬೆರೆಸಿ, ಆ ಮೂಲೆ ತುಂಬಿಸಿದೆ. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಒಳ್ಳೆಯದೇ ಮಾಡುತ್ತಿದ್ದೇನೆ, ಸುಣ್ಣಕ್ಕಿಂತ ಹತ್ತು ಪಟ್ಟು ಗಟ್ಟಿ, ಆ ಮೂಲೆ ಇನ್ನು ನೂರು ವರ್ಷ ಸೋರುವುದಿಲ್ಲ ಎಂದು ಹೆಮ್ಮೆಯೇ ಆಯಿತು.

ಮಾರನೇ ಬೆಳಗ್ಗೆ ಹೆಂಗಸರು ಆ ಮೂಲೆಗೆ ಸರಿದರು. ಎರಡೇ ಪೆಟ್ಟಿಗೆ ಅಂಜಲಮ್ಮ ಕೈಯೆತ್ತಿ ಹಾಡು ನಿಲ್ಲಿಸಿದಳು. ಮತ್ತೊಂದು ಪೆಟ್ಟು ಹಾಕಿ ಕಿವಿ ಬಗ್ಗಿಸಿದಳು. ಟಣ್.

"ಸಾಮಿ," ಎಂದಳು, "ನಿನ್ನೆ ಹುಟ್ಟಿದ ಮಗು ಇವತ್ತೇ ಮಾತಾಡ್ತಾ ಇದೆ. ಏನ್ ಹಾಕಿದ್ರಿ ಇದಕ್ಕೆ?"

"ಗಾರೇನೇ. ಸ್ವಲ್ಪ ಸಿಮೆಂಟು ಸೇರಿಸಿದೀನಿ, ಬೇಗ ಆಗ್ಲಿ ಅಂತ."

"ಹಂಗಾದ್ರೆ ಇದನ್ನ ಬಡೀಬಾರದು ಸಾಮಿ. ಇದು ರಾತ್ರೀನೇ ಕಟ್ಕೊಂಡ್ಬಿಟ್ಟಿದೆ. ಬಡಿದ್ರೆ ಒಳಗೊಳಗೇ ಒಡೀತದೆ. ಬಿಟ್ಬಿಡಿ, ಇಲ್ಲಾಂದ್ರೆ ಕಿತ್ಹಾಕಿ."

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಸುಣ್ಣ ನಿಧಾನಿ, ಬಡಿದಷ್ಟೂ ಒಂದಾಗುತ್ತದೆ. ಸಿಮೆಂಟು ಒಂದು ಸಲ ಹಿಡಿದ ಮೇಲೆ ಅಲುಗಿಸಬಾರದು. ಅದನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ! ಆದರೆ ಆಗ ನನಗೆ ಹೊಳೆದದ್ದು ಒಂದೇ: ಮೂಲೆ ಬಡಿಯದೆ ಬಿಟ್ಟರೆ ಪಿಳ್ಳಪ್ಪ ಬಂದು ಕೇಳುತ್ತಾನೆ, ವಿಷಯ ರಾಯರ ಕಿವಿಗೆ ಹೋಗುತ್ತದೆ.

"ನೀನು ನನಗೆ ಹೇಳಿಕೊಡ್ತೀಯೇನಮ್ಮ? ಬಡಿ," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಬಡಿಯೋದು ನಮ್ಮ ಕೆಲಸ, ಬಡಿ ಅಂದ್ರೆ ಬಡಿತೀವಿ," ಎಂದು ಬಡಿಗೆ ಎತ್ತಿದಳು. ಹಾಡು ಮಾತ್ರ ಹಾಡಲಿಲ್ಲ. ಮೂರನೇ ದಿನಕ್ಕೆ ಆ ಟಣ್ ಹೋಗಿ ಒಣಗಿದ ಸೋರೆಬುರುಡೆಯ ಸದ್ದು ಬಂತು. ನನಗೂ ಕೇಳಿಸಿತು. ಮೇಲೆ ಇಟ್ಟಿಗೆ ಪುಡಿಯ ಕೆಂಪು ಗಾರೆ ಸಾರಿಸಿ ಮುಚ್ಚಿಸಿದೆ. ಪಿಳ್ಳಪ್ಪ ಬಂದು, "ಎಲ್ಲ ಸರಿ ಆಯ್ತಾ?" ಎಂದ. "ಸರಿ ಆಯ್ತು," ಎಂದೆ.

ನೀರು ನಿಲ್ಲಿಸಿದ ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಮಧ್ಯಾಹ್ನ ಆ ಮೂಲೆಯ ಇಟ್ಟಿಗೆಗಳ ನಡುವೆ ಅಂಗೈಯಷ್ಟು ಜಾಗ ಮಬ್ಬಾಯಿತು. ಗೊತ್ತಿದ್ದವನಿಗಷ್ಟೇ ಕಾಣುವಂಥದು. ಪುಟ್ಟತಾಯಮ್ಮ ನನಗೆ ಮಜ್ಜಿಗೆ ತಂದುಕೊಟ್ಟು, "ಏನಪ್ಪಾ, ಬಂದಾಗಿಂದ ಒಂದೇ ಕಡೆ ನೋಡ್ತೀಯಲ್ಲ, ಕತ್ತು ಹಿಡ್ಕೊಂಡಿದ್ಯಾ?" ಎಂದರು.

"ಏನಿಲ್ಲಮ್ಮ."

"ನೋಡು, ಸೋರಿದ್ರೆ ಸೋರ್ಲಿ. ನಿನ್ನೆಯಿಂದ ನೀನು ಊಟ ಮಾಡಿಲ್ಲ ಅಂತ ಅಂಜಲಮ್ಮ ಹೇಳಿದ್ಳು. ಮಜ್ಜಿಗೆ ಕುಡಿ."

ನಾನು ಕುಡಿದೆ. ಆಗಲೂ ಬಾಯಿ ಬಿಡಲಿಲ್ಲ.

ಮೂರನೇ ದಿನ ಸಂಜೆ ಗೋಣಿಚೀಲ ತೆಗೆಯಲು ಇನ್ನೇನು ಒಂದು ಗಂಟೆ ಇತ್ತು. ಮತ್ತೆ ಅದೇ ಆರು ಜನ ನಡುಮನೆಯಲ್ಲಿದ್ದೆವು. ಕೆಂಪಣ್ಣನವರ ಮುಖವೂ ಸ್ವಲ್ಪ ಸಡಿಲವಾಗಿತ್ತು. "ಪರವಾಗಿಲ್ಲ ಕಣೋ ಪಿಳ್ಳಪ್ಪ, ಮುದುಕ ಆದ್ರೂ..." ಎಂದು ಅವರು ಹೇಳುತ್ತಿರುವಾಗಲೇ ಕಲ್ಲು ದಿಂಡಿನ ಮೇಲೆ ಟಪ್ ಎಂದಿತು.

ಇನ್ನೊಂದು ಹನಿ ಸೂರಿನಲ್ಲಿ ಊದಿಕೊಂಡು, ತೂಗಾಡಿ, ಬಿತ್ತು.

"ಆಯ್ತಲ್ಲ," ಎಂದರು ಕೆಂಪಣ್ಣ, ಮೆಲ್ಲಗೆ. ಗೆದ್ದವರ ದನಿ ಅಲ್ಲ ಅದು.

ಪುಟ್ಟತಾಯಮ್ಮ ಬುಟ್ಟಿಯ ಪಕ್ಕ ಕುಳಿತರು. ಪಿಳ್ಳಪ್ಪ ದಿಂಡಿನ ಹತ್ತಿರ ಹೋಗಿ ಆ ಒದ್ದೆಯನ್ನು ಬೆರಳಲ್ಲಿ ಮುಟ್ಟಿದ. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. "ರಾಯರೇ, ನನ್ನ ಕೈ ಹೋಯ್ತು," ಎಂದ. "ನಲವತ್ತು ವರ್ಷದಲ್ಲಿ ನಾನು ಹಾಕಿದ ಒಂದು ತಾರಸಿ ಸೋರಿಲ್ಲ. ಇನ್ನು ನಾನು ಕರಣಿ ಹಿಡೀಬಾರದು."

ಅಂಜಲಮ್ಮ ನನ್ನನ್ನು ನೋಡಿದಳು. ಅವಳು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ಅದು ಪಿಳ್ಳಪ್ಪನ ಕೈ ಅಲ್ಲ," ಎಂದೆ. "ಆ ಮೂಲೆಗೆ ನಾನು ಸಿಮೆಂಟು ಬೆರೆಸಿದೆ. ಅಂಜಲಮ್ಮ ಬೇಡ ಅಂದಳು. ನಾನೇ ಬಡಿಸಿದೆ."

ರಾಯರು ಕೊಡೆಯ ಮೇಲಿಂದ ಕೈ ತೆಗೆಯಲಿಲ್ಲ. ಕೆಂಪಣ್ಣ ಜೋರಾಗಿ ನಕ್ಕುಬಿಟ್ಟರು. "ಚೆನ್ನಾಗಿದೆ ರೀ! ಸುಣ್ಣ ಸೋರಿದ್ದಕ್ಕೆ ಸಿಮೆಂಟ್ ಮೇಲೆ ದೂರು. ಎಲ್ರೂ ಸೇರಿ ಮಾತಾಡ್ಕೊಂಡೇ ಬಂದಿದೀರಿ. ಅಕ್ಕ, ಇದು ನಿನ್ನ ಕೆಲಸಾನಾ?"

"ಮೇಲೆ ಹೋಗಿ ಒಡೆದು ನೋಡೋಣ ಗೌಡ್ರೇ," ಎಂದರು ರಾಯರು. "ಹುಡುಗ ಹೇಳಿದ್ದು ಸುಳ್ಳಾದ್ರೆ ನಾಳೇನೇ ಮನೆ ಕೆಡವೋಕೆ ನಮ್ಮ ಜನಾನೇ ಕಳಿಸ್ತೀನಿ."

ನೀರು ಬಿಟ್ಟು ಎಲ್ಲರೂ ಏಣಿ ಹತ್ತಿದೆವು. ಪುಟ್ಟತಾಯಮ್ಮನವರೂ ಸೀರೆ ಎತ್ತಿ ಸಿಕ್ಕಿಸಿ ಹತ್ತಿದರು. ಪಿಳ್ಳಪ್ಪ ಉಳಿ ಹಿಡಿದು ಮೊದಲು ನಡುಮಧ್ಯ ಒಂದು ಗುಳಿ ತೆಗೆದ. ಒಳಗೆ ಮೇಲಿಂದ ಕೆಳಗಿನವರೆಗೂ ಗುಲಾಬಿ ಬಣ್ಣ, ಒಣಗಿದೆ, ಉಳಿಗೆ ಸುಲಭಕ್ಕೆ ಬಗ್ಗುತ್ತಿಲ್ಲ. ಆಮೇಲೆ ಮೂಲೆ. ಮೇಲಿನ ಕೆಂಪು ಪದರ ಎದ್ದ ಕೂಡಲೇ ಕೆಳಗೆ ಬೂದಿ ಬಣ್ಣ. ಅದು ಹೆಂಟೆ ಹೆಂಟೆಯಾಗಿ ಎದ್ದು ಬಂತು, ಸಂದಿಸಂದಿಯಲ್ಲಿ ನೀರು. ನಾಲ್ಕಡಿಗೆ ಐದಡಿ ಚೌಕ, ಕತ್ತರಿಸಿದ ಹಾಗೆ. ಅದರಾಚೆ ಮತ್ತೆ ಗುಲಾಬಿ.

ಕೆಂಪಣ್ಣ ಒಂದು ಬೂದಿ ಹೆಂಟೆ ಎತ್ತಿಕೊಂಡು ಬೆರಳಲ್ಲಿ ಹಿಸುಕಿದರು. ಪುಡಿಯಾಯಿತು.

"ಇದು ನನ್ನ ಸಿಮೆಂಟಾ?"

"ಹೌದು."

"ಈ ಪರ್ಮಿಟ್ಟಿಗೆ ನಾಲ್ಕು ಸಲ ಓಡಾಡಿದೀನಿ ಕಣಯ್ಯಾ!"

ನಗುವುದೋ ಬಿಡುವುದೋ ಯಾರಿಗೂ ಗೊತ್ತಾಗಲಿಲ್ಲ. ಕೆಂಪಣ್ಣ ಕೈ ಕೊಡವಿಕೊಂಡು ಕೆರೆಯ ಕಡೆ ತಿರುಗಿ ನಿಂತರು. "ಅದೆಲ್ಲ ಸರಿ," ಎಂದರು ಕೊನೆಗೆ. "ಆದ್ರೆ ನಾನು ಹೇಳಿದ್ದು ಹನಿ ಬಿದ್ರೆ ಅಂತ. ಯಾಕೆ ಬಿತ್ತು ಅಂತ ಅಲ್ಲ. ಎಲ್ಲರ ಎದುರಿಗೆ ಹೇಳಿದ ಮಾತು. ನಾಳೆ ಊರೋರು, ಕೆಂಪಣ್ಣ ಮಾತು ತಪ್ಪಿದ ಅಂತಾರೆ."

ನಾನು ನೆಲ ನೋಡುತ್ತಾ ನಿಂತೆ. ಎಲ್ಲ ಒಪ್ಪಿಕೊಂಡರೂ ಮನೆ ಹೋಗುತ್ತಿತ್ತು.

ಪುಟ್ಟತಾಯಮ್ಮ ಆ ಗುಳಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಬೂದಿ ಚೂರುಗಳನ್ನು ಒಂದು ಕಡೆ ಮಾಡುತ್ತಿದ್ದರು, ಬಾಡಿದ ಹೂವನ್ನು ಆರಿಸಿ ತೆಗೆಯುವ ಹಾಗೆ. ತಲೆ ಎತ್ತದೆ ಹೇಳಿದರು: "ಕೆಂಪ, ನೀನು ಮಾತು ತಪ್ಪಬೇಡ. ಹನಿ ಎಲ್ಲಿ ಬಿತ್ತು?"

"ಈ ಮೂಲೇಲಿ."

"ಇದನ್ನ ಕೆಡವು. ಹನಿ ಬಿದ್ದ ಜಾಗ ಪೂರ್ತಿ ಕೆಡವು, ತೊಲೆ ಕಾಣೋ ತನಕ. ಹನಿ ಬೀಳದೇ ಇರೋ ಜಾಗ ಏನು ತಪ್ಪು ಮಾಡಿದೆ? ಮೊರದಲ್ಲಿ ನಾಲ್ಕು ಹೂವು ಕೊಳೆತ್ರೆ ಮೊರಾನೇ ಕೆರೆಗೆ ಎಸೀತೀಯಾ?"

ಕೆಂಪಣ್ಣ ಬಗ್ಗಿ ಆ ಗುಳಿಯೊಳಗೆ ನೋಡಿದರು. ಆಮೇಲೆ ಪಿಳ್ಳಪ್ಪನ ಕಡೆ ನೋಡಿ, "ಸುಣ್ಣ ನೆನೆಹಾಕು," ಎಂದರು. "ಹದಿನೈದು ದಿನ ಅಂದ್ರೆ ಹದಿನೈದು ದಿನ. ಈ ಸಲ ಯಾರು ಬಡೀತಾರೆ?"

"ಓವರ್ಸೀರ್ ಸಾಮಿ ಬಡೀತಾರೆ," ಎಂದಳು ಅಂಜಲಮ್ಮ.

ಹಾಗೇ ಆಯಿತು. ಹದಿನೈದು ದಿನ ಆ ಗುಳಿಗೆ ತಗಡು ಮುಚ್ಚಿ ಕಾದೆವು. ಪಿಳ್ಳಪ್ಪ ಹಳೇ ಗಾರೆಯ ಅಂಚನ್ನು ಇಳಿಜಾರಾಗಿ ಕೆತ್ತಿ, ಬೆಲ್ಲದ ನೀರು ಕುಡಿಸಿ, ಹೊಸದನ್ನು ಅದಕ್ಕೆ ಸೇರಿಸಿದ. ನಾನು ಪಂಚೆ ಎತ್ತಿಕಟ್ಟಿ ಹೆಂಗಸರ ಸಾಲಿನಲ್ಲಿ ಕುಳಿತೆ. ಮೊದಲ ದಿನವೇ ಎರಡೂ ಅಂಗೈಯಲ್ಲಿ ಬೊಬ್ಬೆ. ಅವರು ಹಾಡಿನ ನಡುವೆ ನನ್ನ ಹೆಸರು ಸೇರಿಸಿ, ಅಳತೆಪಟ್ಟಿ ಹಿಡಿದ ಕೈಗೆ ಬಡಿಗೆ ಭಾರ, ಪ್ಯಾಂಟಿನ ಸಾಮಿಗೆ ಬೆನ್ನು ನೋವು ಎಂದೆಲ್ಲ ಕಟ್ಟಿ ಹಾಡಿ ನಗುತ್ತಿದ್ದರು. ಅಂಜಲಮ್ಮ ಮಾತ್ರ ನಗದೆ, "ಕಣ್ಣು ಮುಚ್ಕೊಂಡು ಬಡೀರಿ ಸಾಮಿ. ಕೈಗೆ ಗೊತ್ತಾಗೋಕ್ ಮುಂಚೆ ಕಿವಿಗೆ ಗೊತ್ತಾಗ್ತದೆ," ಅನ್ನುತ್ತಿದ್ದಳು. ಒಂಬತ್ತನೇ ದಿನ ದಪ್ ಅನ್ನುವುದರ ಒಳಗಿಂದ ಸಣ್ಣಗೆ ಟಣ್ ಅನ್ನುವುದು ಹುಟ್ಟಿದ್ದು ನನಗೂ ಕೇಳಿಸಿತು. ನಾನು ಕೈ ನಿಲ್ಲಿಸಿ ಅವಳನ್ನು ನೋಡಿದೆ. "ಇನ್ನೂ ಒಂದು ದಿನ," ಎಂದಳು.

ರಾಯರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಸಂಜೆ ಕೆರೆ ಏರಿಯ ಮೇಲೆ ನಡೆದು ಹೋಗುವಾಗ ಇಷ್ಟು ಹೇಳಿದರು: "ಸಿಮೆಂಟು ಬೆರೆಸಿದ್ದು ಹುಡುಗಾಟ, ಎಲ್ಲರೂ ಮಾಡ್ತಾರೆ. ಅವಳು ಬೇಡ ಅಂದ ಮೇಲೂ ಬಡಿ ಅಂದ್ಯಲ್ಲ, ಅದು ನಂಗೆ ಸೇರಲಿಲ್ಲ." ಆಮೇಲೆ ಮೂವತ್ತು ಚಿಲ್ಲರೆ ವರ್ಷ ನಾನು ಈ ಕೆಲಸದಲ್ಲಿದ್ದೆ. ಸೈಟಿನಲ್ಲಿ ಯಾರಾದರೂ ಕೂಲಿಯವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರೆ, ಮೊದಲು ಹೋಗಿ ಏನೆಂದು ಕೇಳುತ್ತಿದ್ದೆ. ನಿಮಗೆ ಹೇಳಿಕೊಡಲು ನನ್ನ ಹತ್ತಿರ ಇರುವುದು ಅದೊಂದೇ. ಸಿಮೆಂಟಿನ ಮೇಲೆ ನನಗೇನೂ ದ್ವೇಷವಿಲ್ಲ, ನನ್ನ ಅನ್ನ ಅದರದ್ದೇ. ಆದರೆ ಸುಣ್ಣದ ಮನೆಗೆ ಸುಣ್ಣವನ್ನೇ ಹಾಕಿ, ಅದಕ್ಕೆ ಬೇಕಾದಷ್ಟು ದಿನ ಕೊಡಿ.

ಆ ರಿಪೇರಿಯ ಮುಂದಿನ ಹತ್ತು ವರ್ಷದಲ್ಲೇ ತಾರಸಿ ಬಡಿಯುವ ಕೆಲಸ ನಿಂತುಹೋಯಿತು. ಎಲ್ಲ ಕಡೆ ಆರ್‌ಸಿಸಿ. ಅಂಜಲಮ್ಮನ ಗುಂಪು ಚದುರಿತು. ಕೆಲವರು ಕಾಂಕ್ರೀಟು ಬಾಂಡಲಿ ಹೊತ್ತರು. ಅಂಜಲಮ್ಮ ಒಂದು ದಿನ ಪುಟ್ಟತಾಯಮ್ಮನವರ ಹತ್ತಿರ ಹೋಗಿ, "ಕೂತು ಮಾಡೋ ಕೆಲಸ ಬೇಕು ಅಮ್ಮಾ, ಮೊಣಕಾಲು ಹೋಯ್ತು," ಎಂದಳಂತೆ. ತಾನು ಬಡಿದ ಸೂರಿನ ಕೆಳಗೆ ಕುಳಿತು ಕನಕಾಂಬರ ಕಟ್ಟಿದಳು. ಆ ದಪ್ಪ ಬೆರಳುಗಳಿಗೆ ಬಾಳೆನಾರಿನ ಗಂಟು ಬರಲು ತಿಂಗಳು ಹಿಡಿಯಿತು ಎಂದು ಅವಳೇ ನನಗೆ ಹೇಳಿದ್ದಳು.

ಅದೆಲ್ಲ ಆಮೇಲಿನದು. ಮೂಲೆ ಮುಗಿದ ವರ್ಷದ್ದೇ ಒಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ.

ಆ ಶ್ರಾವಣದಲ್ಲಿ ಕೆಂಪಣ್ಣನವರ ಮಗಳಿಗೆ ಬೇರೆ ಸಂಬಂಧ ಕೂಡಿ ಬಂತು, ಕನಕಪುರ ರಸ್ತೆ ಕಡೆಯವರು. ನಿಶ್ಚಿತಾರ್ಥಕ್ಕೆ ರಾಯರನ್ನೂ, ಪಿಳ್ಳಪ್ಪನನ್ನೂ, ನನ್ನನ್ನೂ ಕರೆದಿದ್ದರು. ನಡುಮನೆಯ ತುಂಬ ಜಮಖಾನ, ಗೋಡೆಯ ಬದಿಗೆ ಕುರ್ಚಿಗಳು. ಗಂಡಿನ ತಂದೆ ಒಳಗೆ ಬಂದರು, ದೊಡ್ಡ ಆಳು, ತಲೆಗೆ ಹೊಸ ಜರಿ ಪೇಟ. ಯಾರೋ ಅವರಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿದರು. ಕೆಂಪಣ್ಣ ಬೇಡ ಎಂದು, ಕೈಹಿಡಿದು ಕರೆದುಕೊಂಡು ಹೋಗಿ, ಪಡುವಣ ಮೂಲೆಯ ದಿಂಡಿನ ಮೇಲೆ ಕೂರಿಸಿದರು.

ತಟ್ಟೆ ಬದಲಾಯಿಸಿ ತಿಂಡಿ ಹಂಚುವ ಹೊತ್ತಿಗೆ ಮಳೆ ಹಿಡಿಯಿತು. ಸಣ್ಣ ಮಳೆಯಲ್ಲ, ಕೆರೆ ಕಾಣದಂಥ ಮಳೆ. ಮಾತಾಡುವವರು ದನಿ ಏರಿಸಬೇಕಾಯಿತು. ಪುಟ್ಟತಾಯಮ್ಮ ಹೂವು ಹಂಚುತ್ತಿದ್ದವರು ನಿಂತರು. ಪಿಳ್ಳಪ್ಪ ವೀಳ್ಯದೆಲೆ ಬಾಯಿಗಿಡದೆ ಹಿಡಿದುಕೊಂಡಿದ್ದ. ನಾನು ದಿಂಡಿನ ಮೇಲಿನ ಸೂರನ್ನೇ ನೋಡುತ್ತಿದ್ದೆ.

ಬೀಗರು ಸುತ್ತ ನೋಡಿದರು. "ಏನ್ ಗೌಡ್ರೇ, ನಿಮ್ಮ ಮನೆಯೋರೆಲ್ಲ ನನ್ನ ತಲೆ ಮೇಲೆ ನೋಡ್ತಾವ್ರಲ್ಲ?"

"ಹೊಸ ಪೇಟ ಅಲ್ವರಾ, ಅದಕ್ಕೇ," ಎಂದು ಕೆಂಪಣ್ಣ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಮಳೆ ಒಂದು ಗಂಟೆ ಸುರಿದು ನಿಂತಿತು. ಬೀಗರು ಎದ್ದು ಹೊರಟಾಗ ಕೆಂಪಣ್ಣ ಪೇಟ ಸರಿಮಾಡುವ ನೆವದಲ್ಲಿ ಅದನ್ನು ಒಮ್ಮೆ ಮುಟ್ಟಿ ನೋಡಿದರು. ಒಂದು ಹನಿಯೂ ಬಿದ್ದಿರಲಿಲ್ಲ.